ಹಳದಿ ಡಬ್ಬಿ

ಮಾಪುಸಾದ ಪೈಲಟ್ ಸಂಘದ ಆಫೀಸಿನಲ್ಲಿ,
ಚಹಾದಂಗಡಿಯ ಮೇಲಿನ ಅಟ್ಟದಲ್ಲಿ,
ಹಲಸಿನ ಹಲಗೆಯೊಂದಿದೆ, ಆಳೆತ್ತರ.
ಎಡಕ್ಕೆ ಇಸವಿ, ಬಲಕ್ಕೆ ಗೆದ್ದವನ ಹೆಸರು.
ದಿನವೆಲ್ಲ ಬೆನ್ನಹಿಂದೆ ಊರು ಕೂರಿಸಿಕೊಂಡು ತಿರುಗುವವರು
ಮಳೆಗೆ ಮುಂಚಿನ ಕಡೇ ಭಾನುವಾರ
ಸೀಟು ಖಾಲಿ ಬಿಟ್ಟು ಓಡಿಸುತ್ತಾರೆ:
ಪೇಟೆಯಿಂದ ಗುಡ್ಡ, ಗುಡ್ಡದಿಂದ ಕೆಂಪುಕಲ್ಲಿನ ಬಯಲು,
ಬಿಳಿ ಕ್ರೂಸು ಸುತ್ತಿ ವಾಪಸ್ಸು.

ಮೊದಲ ಹೆಸರು ನಮ್ಮಪ್ಪನ ಕೈಯದು.
ಕಿನ್ನಾಳದ ಗೊಂಬೆಗಳಿಗೆ ಕಣ್ಣು ಬರೆದ ಕೈ
ಇಲ್ಲಿ ನಂಬರ್ ಪ್ಲೇಟಿಗೆ ಇಳಿದಿತ್ತು.
ಇಂಗ್ಲಿಷು ಬಾರದು. ಚೀಟಿಯಲ್ಲಿದ್ದ ಆಕಾರವನ್ನು
ಗೊಂಬೆಯ ಹುಬ್ಬು ತಿದ್ದಿದ ಹಾಗೆ ತಿದ್ದಿದ.
ಕಾಯ್ತಾನ್ ಕುತಿನ್ಹೊ, ಅರವತ್ತೊಂಬತ್ತು.
ಎರಡು ಎನ್‌ಗಳೂ ತಿರುಗುಮುರುಗು.
ಸೆಕ್ರೆಟರಿ ಹಣೆ ಚಚ್ಚಿಕೊಂಡರಂತೆ.
ಕಾಯ್ತಾನ್ ಮಾತ್ರ, "ಇರಲಿ ಬಿಡಿ,
ಕ್ರೂಸಿನ ತಿರುವಿನಲ್ಲಿ ನಾನೂ ಹಾಗೇ ಹೋದದ್ದು" ಅಂದನಂತೆ.

ಬಂಗಾರದ ಬಣ್ಣಕ್ಕೆ ಸಂಘದಲ್ಲಿ ದುಡ್ಡಿರಲಿಲ್ಲ.
ಮಡ್‌ಗಾರ್ಡಿಗೆ ಬಳಿದು ಉಳಿದ ಹಳದಿಯಲ್ಲೇ
ಹೆಸರು ಬರೆದರು. ಈಗಲೂ ಅದೇ ಡಬ್ಬಿ.

ಪುಂಡಲೀಕ ಚೋಡಣಕರ್ ಮೂರು ಸಲ, ರಾಜದೂತ್ ಮೇಲೆ.
ಮೂರನೇ ಸಲ ಬಂದು ಅಪ್ಪನಿಗೆ ಹೇಳಿದ:
"ನನ್ನ ಹೆಸರು ಉದ್ದ, ಕೈ ನೋಯುತ್ತದೆ,
ಮುಂದಿನ ವರ್ಷ ಸೋಲುತ್ತೇನೆ."
ಸೋತ. ಬೇಕಂತಲೇ ಅಲ್ಲ, ಚೈನು ಕಡಿದಿತ್ತು.

ಎಂಬತ್ತಮೂರು. ಸಾಂತಾನ್ ರೆಬೆಲೊ ಮುಂದಿದ್ದ.
ಬಯಲಿನ ಅಂಚಿನಲ್ಲಿ ಪಿಯೆದಾದ್ ಮಾಯ್,
ತಲೆ ಮೇಲೆ ಬಂಗಡೆ ಬುಟ್ಟಿ, ಕೈ ಅಡ್ಡ ಹಾಕಿದಳು.
ಹಳದಿ ಮಡ್‌ಗಾರ್ಡು ಕಂಡರೆ ಬಾಡಿಗೆ ಗಾಡಿ, ಇನ್ನೇನು?
ನಿಲ್ಲಿಸದೆ ಇರಲು ಅವನ ಕಾಲಿಗೆ ಗೊತ್ತಾಗಲಿಲ್ಲ.
ಅವಳು ಹತ್ತಿದಳು, ಬುಟ್ಟಿ ಹತ್ತಿತು,
ಭಾರಕ್ಕೆ ಹಿಂಚಕ್ರ ಜಲ್ಲಿಯನ್ನು ಕಚ್ಚಿ ಹಿಡಿಯಿತು,
ಉಳಿದವರು ಇಳಿಜಾರಿನಲ್ಲಿ ಜಾರಿ ಬಿದ್ದರು.
ಗೆದ್ದ ಮೇಲೆ ಎರಡು ರೂಪಾಯಿ ಕೊಟ್ಟು, ಚಿಲ್ಲರೆ ಕೇಳಿ,
ಮೀನು ಮಾರಲು ಕೂತಳು.
ಹಿಂದೆ ಯಾರೂ ಕೂರಬಾರದೆಂದು ನಿಯಮದಲ್ಲಿ ಎಲ್ಲಿತ್ತು?
ಅಪ್ಪ ಆ ಸಾಲಿನ ಕೊನೆಗೊಂದು ಮೀನು ಬಿಡಿಸಿದ.
ಸೆಕ್ರೆಟರಿ ಕನ್ನಡಕ ಒರೆಸುತ್ತ ಅದನ್ನು ಕಾಣಲಿಲ್ಲ.

ಎಂಬತ್ತೆಂಟರಿಂದ ಕೈ ನನ್ನದು.
ಇನಾಸ್ ಬಾರ್ರೆಟೊ ತೊಂಬತ್ತರಲ್ಲಿ ಗೆದ್ದು ಕುವೈತಿಗೆ ಹೋದ.
ಯುದ್ಧ ಬಂತು. ಚಪ್ಪಲಿಯೂ ಇಲ್ಲದೆ ತಿರುಗಿ ಬಂದವನು
ಮೊದಲು ಅಟ್ಟ ಹತ್ತಿ ಹಲಗೆ ನೋಡಿದ.
"ಕಳೆಯದ ಕಾಗದ ಇದೊಂದೇ" ಅಂದ.

ಒಂದು ಮಾತು ಯಾರಿಗೂ ಹೇಳಿಲ್ಲ.
ಇಷ್ಟು ವರ್ಷದಲ್ಲಿ ನಾನು ರೇಸು ನೋಡಿಲ್ಲ.
ಶನಿವಾರವೇ ದಾರ ಕಟ್ಟಿ, ಸುಣ್ಣದ ಗೆರೆ ಹೊಡೆದು,
ಭಾನುವಾರ ಬ್ರಷ್ಷು ನೆನೆಹಾಕಿ ಇಲ್ಲೇ ಕೂರುತ್ತೇನೆ,
ಹೆಸರಿನ ಚೀಟಿ ಮೆಟ್ಟಿಲು ಹತ್ತುವ ತನಕ.
ಆದರೆ ಗಾಡಿಗಳ ದನಿ ಗೊತ್ತು. ಯೆಜ್ಡಿಯ ಗದ್ದಲ,
ಬುಲೆಟ್ಟಿನ ಸಾವಧಾನ,
ಮತ್ತೆ ಗೌಸ್ ಆಗಾನ ಗಾಡಿಯ ಒಣಕೆಮ್ಮು:
ಹತ್ತೊಂಬತ್ತು ಸಲ ಎರಡನೆಯದಾಗಿ ಬಂದದ್ದು.
ಎರಡನೆಯವರಿಗೆ ಹಲಗೆ ಇಲ್ಲ.

ಇಪ್ಪತ್ತರ ಸಾಲು ಖಾಲಿ. ಗೆರೆ ಹೊಡೆದಿದ್ದೆ,
ಒರೆಸಲು ಮನಸ್ಸಾಗಲಿಲ್ಲ.

ಹೋದ ವರ್ಷ ಏಳೇ ಗಾಡಿ.
ಬಂದವರೆಲ್ಲ ಬಾಡಿಗೆ ಸ್ಕೂಟರು ಹಿಡಿಯುವ ಕಾಲ,
ಬೆನ್ನಹಿಂದೆ ಕೂರುವವರು ಯಾರು?
ಕೆಮ್ಮು ಮೊದಲು ಬಂತು. ಗೌಸ್ ಆಗಾ, ಅರವತ್ತೊಂದರ ಪ್ರಾಯ.
ತಾನೇ ಮೆಟ್ಟಿಲು ಹತ್ತಿ ಚೀಟಿ ಕೊಟ್ಟ.
"ಎಷ್ಟು ಜನ ಓಡಿಸಿದರು ಅಂತ ಬರೆಯಬೇಡ ಮತ್ತೆ."
ಹಲಗೆ ಅದನ್ನು ಯಾವತ್ತೂ ಕೇಳಿಲ್ಲ ಅಂದೆ.
ಬಣ್ಣ ಒಣಗುವ ತನಕ ಕೂತಿದ್ದು ಹೋದ.

ಇನ್ನು ಎರಡು ಸಾಲಿನ ಜಾಗ.
ಅಕ್ಷರ ಸಣ್ಣ ಮಾಡಿದರೆ ಮೂರು.
ಗುಡ್ಡದಿಂದ ಸದ್ದು ಇಳಿಯುತ್ತಿದೆ,
ಒಂದು ಗಾಡಿಯೋ, ಎರಡೋ,
ಕೆಳಗೆ ಚಹಾದ ಲೋಟ ತೊಳೆಯುವ ಗಲಾಟೆಯಲ್ಲಿ
ಸರಿಯಾಗಿ ಕೇಳುತ್ತಿಲ್ಲ.