ಬೇಚರಾಕ್

ಪಹಣಿಯಲ್ಲಿ ಈಗಲೂ ಇದೆ: ಕಣ್ಣುಕೊಪ್ಪ, ನಗರ ಹೋಬಳಿ,
ವಾಸದ ಮನೆ ಸೊನ್ನೆ, ಬೇಚರಾಕ್.
ಅಂದರೆ ದೀಪವಿಲ್ಲದ ಊರು.
ಗ್ರಾಮಲೆಕ್ಕಿಗನಾಗಿ ಹನ್ನೊಂದು ವರ್ಷ
ಅದರ ಸೊನ್ನೆಗಳನ್ನು ತಪ್ಪದೆ ತುಂಬಿದ್ದೇನೆ.

ಕತೆ ಹೇಳಿದ್ದು ಮುದುಕ ಚಿತ್ರಗಾರ ಪುಟ್ಟೋಜಿ,
ಬಾಸಿಂಗಕ್ಕೆ ಬೇಗಡೆ ಅಂಟಿಸುತ್ತ, ತಲೆಯೆತ್ತದೆ.

ಮುತ್ತಜ್ಜ ತಿಪ್ಪೋಜಿ ಬರೆದದ್ದು ದೇವರನ್ನು ಮಾತ್ರ:
ಮಾರಿಯ ಕೆನ್ನೆಗೆ ಇಂಗಳೀಕ, ಭೂತರಾಯನ ಮೀಸೆಗೆ ಕಾಡಿಗೆ,
ಅಳಿಲಿನ ಬಾಲದ ಕುಂಚ, ಬೇಲದ ಅಂಟು.
ಎಲ್ಲ ಆದ ಮೇಲೆ ಕಟ್ಟಕಡೆಗೆ ಕಣ್ಣು;
ಕಣ್ಣು ಬರೆದರೆ ಮುಗಿಯಿತು, ಕುಂಚ ತೊಳೆಯಬಹುದು.

ಸರ್ವೆ ಸಾಹೇಬ ಬಂದ: ಕುದುರೆ, ಸರಪಳಿ, ಮೂರು ಕಾಲಿನ ದುರ್ಬೀನು.
"ಗುಡ್ಡ ಬರಿ. ಗುಡ್ಡ ಅಷ್ಟೇ. ತಿಂಗಳಿಗೆ ನಾಲ್ಕು ರೂಪಾಯಿ."
ಗುಡ್ಡ ಅಷ್ಟೇ ಅಂದರೆ?
ಮೇಲೆ ದೇವರಿಲ್ಲ, ಕೆಳಗೆ ಭಕ್ತರಿಲ್ಲ, ಸುತ್ತ ಬಳ್ಳಿಯ ಅಂಚಿಲ್ಲ.
ಮೂರು ದಿನ ಸುಮ್ಮನೆ ಬಂಡೆಯ ಮೇಲೆ ಕೂತ.
ಹರಿತಾಳಕ್ಕೆ ನೀಲಿ ಬೆರೆಸಿದರೆ ಹಸುರು, ಸರಿ,
ಆದರೆ ದೂರದ ಹಸುರು ಹಸುರಲ್ಲ,
ಅದಕ್ಕೂ ಆಚಿನದು ನೀಲಿಯೂ ಅಲ್ಲ,
ತೊಳೆದು ತೊಳೆದು ತೆಳುವಾದ ಹೆಂಡತಿಯ ಸೀರೆ.
ನಲವತ್ತು ವರ್ಷ ಅಲ್ಲೇ ಇದ್ದು
ಅದನ್ನು ಅವನು ಕಂಡದ್ದು ಅವತ್ತು.

ಆರು ಬೇಸಿಗೆ ಗುಡ್ಡಗಳನ್ನೇ ಬರೆದ. ಒಂದೂ ಮುಗಿಯಲಿಲ್ಲ.
ಸಾಹೇಬ ಕೈಯಿಂದ ಕಿತ್ತುಕೊಂಡಾಗ ನಿಲ್ಲುತ್ತಿತ್ತು, ಅಷ್ಟೇ.
"ಕಣ್ಣಿಲ್ಲದ್ದನ್ನು ಎಲ್ಲಿಗೆ ನಿಲ್ಲಿಸಲಿ?"
ಅಂತ ರಾತ್ರಿ, ಬಣ್ಣ ಅರೆಯುವವಳನ್ನು ಕೇಳಿದನಂತೆ.
"ಇಟ್ಟುಬಿಡಿ ಒಂದು. ಯಾರು ನೋಡ್ತಾರೆ."

ಇಟ್ಟ. ಕೊಡಚಾದ್ರಿಯ ಬಲಕ್ಕೆ,
ಹೆಸರಿಲ್ಲದೊಂದು ಗುಡ್ಡದ ಹೊಟ್ಟೆಯಲ್ಲಿ
ಎಳ್ಳಿನಷ್ಟು ಕಪ್ಪು.

ನಕಾಶೆಯ ಗುಮಾಸ್ತ ಬೆರಳಿಟ್ಟು ಕೇಳಿದ: "ಇದೇನು?"
ತಿಪ್ಪೋಜಿ ಸುಳ್ಳು ಹೇಳುವವನಲ್ಲ: "ಕಣ್ಣು, ಬುದ್ಧಿ."
ಗುಮಾಸ್ತ ಬರೆದುಕೊಂಡ.
ಕೊಪ್ಪ ಅಂತ ಸೇರಿಸಿದ್ದು ಅವನದೇ ಧಾರಾಳ.

ಮರುವರ್ಷ ಊರಿಗೆ ಏಳು ರೂಪಾಯಿ ಕಂದಾಯ ಬಿತ್ತು.
ವಸೂಲಿಗೆ ಹೋದ ಶಾನುಭೋಗ ಎರಡು ದಿನ ಜಿಗಣೆಗೆ ರಕ್ತ ಕೊಟ್ಟು
ಬರಿಗೈಯಲ್ಲಿ ಬಂದು ಷರಾ ಹಾಕಿದ: "ರೈತರು ಫರಾರಿ."

ಚಿತ್ರ? ಗೆದ್ದಲು ತಿಂದಿತೋ, ಹಡಗು ಹತ್ತಿತೋ,
ಪುಟ್ಟೋಜಿಗೆ ಗೊತ್ತಿಲ್ಲ.
ಮುತ್ತಜ್ಜ ಮತ್ತೆ ಮಾರಿಗೆ ಬಣ್ಣ ಹಚ್ಚಿದ,
ಆದರೆ ಆಮೇಲೆ ಅವಳ ಬೆನ್ನ ಹಿಂದೆ
ಒಂದು ಮಾಸಿದ ನೀಲಿ ಇದ್ದೇ ಇರುತ್ತಿತ್ತಂತೆ. ಜನ ಬೈದರಂತೆ.

ಹೋದ ತಿಂಗಳು ಬೆಳೆ ಸಮೀಕ್ಷೆಗೆ ಅತ್ತ ಹೋದೆ.
ಕಣ್ಣುಕೊಪ್ಪ ಬಂತು ಎಂದಿತು ಮೊಬೈಲು.
ಕುಂಟುನೇರಳೆ, ಹುಲ್ಲು, ಒಂದು ಬಂಡೆ.
ಸೊನ್ನೆ ತುಂಬಿ, ಸಹಿ ಮಾಡಿ,
ಯಾಕೋ, ಬಿಚ್ಚಿದ್ದ ಅಂಗಿಯ ಗುಂಡಿ
ಹಾಕಿಕೊಂಡೆ.