ಶುಕ್ರವಾರದ ಬಿಡುಗಡೆ

ಬಾಯಿ ತೆರೆ, ನಾಲಿಗೆ ಎತ್ತು, ತೆಮಿರಾಲಿ.
ನಾಲ್ಕು ತಿಂಗಳಿಂದ ದಿನವೂ ನೋಡಿದ ಬಾಯಿ;
ಎಡದವಡೆಯಲ್ಲಿ ಎರಡು ಹಲ್ಲಿಲ್ಲದ್ದು
ನಿನ್ನ ತಾಯಿಗೂ ಗೊತ್ತಿರಲಿಕ್ಕಿಲ್ಲ.

ಕ್ಷಯದ ಗುಳಿಗೆ ಏಳು. ಆಮೇಲೆ
ಗುಬ್ಬಿಗುಟುಕಿನಷ್ಟು ಮೆಥಡೋನ್.
ಪ್ಲಾಸ್ಟಿಕ್ ಲೋಟದ ತಳ ನೆಕ್ಕುತ್ತೀಯ,
ನಾನು ಕಿಟಕಿಯಾಚೆಯ ಹಿಮ ನೋಡುತ್ತೇನೆ.

ಇವತ್ತು ಬಿಡುಗಡೆ. ಕಾವಲಿನವನಿಗೆ ಖುಷಿ, ನನಗೆ ಎಣಿಕೆ:
ಬಿಷ್ಕೆಕ್‌ನ ಕ್ಲಿನಿಕ್ಕು ತೆರೆಯುವುದು ಸೋಮವಾರ.
ಗುಳಿಗೆ ಕಟ್ಟಿಕೊಡಬಹುದು,
ಗುಟುಕು ಕಟ್ಟಿಕೊಡಲು ಕಾನೂನಿಲ್ಲ.

ಶನಿವಾರ, ಭಾನುವಾರ...
ಬಸ್ ನಿಲ್ದಾಣದಲ್ಲಿ ನಿನ್ನ ಹಳೆಯ ಗೆಳೆಯರಿದ್ದಾರೆ,
ಅವರಿಗೆ ರಜೆಯಿಲ್ಲ.

ಪೊಟ್ಟಣದ ಮೇಲೆ ನನ್ನ ನಂಬರು ಬರೆದಿದ್ದೇನೆ.
ಅದಕ್ಕೂ ಕಾನೂನಿಲ್ಲ.

‘ಹೋಗಿಬರುತ್ತೇನೆ’ ಎನ್ನಬೇಡ,
ಈ ಗೇಟಿನಲ್ಲಿ ಆ ಮಾತು ಅಪಶಕುನ.
ಬಾಯಿ ತೆರೆ ಇನ್ನೊಮ್ಮೆ,
ಬರೀ ‘ಹೋಗುತ್ತೇನೆ’ ಅನ್ನು.