ಆಕಳಿಕೆ

ಕೌಲ್ ಬಜಾರಿನ ಜೀನ್ಸ್ ಶೆಡ್ಡು, ರಾತ್ರಿ ಪಾಳಿ.
ಮೊದಲು ಸುಂಕಮ್ಮ ಬಾಯಿ ತೆರೆದಳು.
ಅಲ್ಲಿಂದ ಮಾಬುನ್ನಿಗೆ, ಆಮೇಲೆ ಗುಂಡಿ ಹಚ್ಚುವ ಎರ್ರೆಪ್ಪನಿಗೆ,
ಹನ್ನೊಂದು ಮಿಷನ್ನು ದಾಟಿ
ಬಾಗಿಲಲ್ಲಿ ನಿಂತ ವಾಚ್‌ಮನ್ ತನಕ.

ಹೊಸಬಳು ಹುಲಿಗೆಮ್ಮ ಮಾತ್ರ
ಮೂರು ದಿನದಿಂದ ಸೂಜಿಗಷ್ಟೇ ಕಣ್ಣು ಕೊಟ್ಟಿದ್ದಳು.
ಅವಳ ಡಬ್ಬಿಯ ಖಾರಬ್ಯಾಳಿ ಯಾರೂ ಕೇಳಿರಲಿಲ್ಲ.

ಊರಾಚೆ ಸಂಗನಕಲ್ಲಿನ ಗುಡ್ಡದಲ್ಲಿ
ಕೊಡಲಿ ಮಸೆದು ಮಸೆದು ತಗ್ಗುಬಿದ್ದ ಬಂಡೆಗಳಿವೆ.
ಅಲ್ಲೂ ಬೆಂಕಿಯ ಸುತ್ತ ಒಬ್ಬಾಕೆ ಆಕಳಿಸಿರಬೇಕು,
ಕಿರುಬ ಕೂಗಿದಾಗ
ಯಾರು ನಮ್ಮವರೆಂದು ಎಣಿಸಲು
ಲೆಕ್ಕ ಇನ್ನೂ ಹುಟ್ಟಿರಲಿಲ್ಲ.

ಎರಡೂವರೆಗೆ ಕರೆಂಟು ಹೋಯಿತು.
ಕತ್ತಲಲ್ಲಿ ಹುಲಿಗೆಮ್ಮ ಆಕಳಿಸಿದಳು, ಸಣ್ಣ ಸದ್ದು.
ಸುಂಕಮ್ಮನ ದವಡೆ, ಅವಳನ್ನು ಕೇಳದೆ,
ತಾನೇ ತೆರೆಯಿತು.

“ಥೂ, ನಿಂದು ನನಗ ಹತ್ತೇಬಿಡ್ತಲ್ಲಬೇ.
ಡಬ್ಯಾಗ ಏನೈತಿ?”